ಭಟ್ರದ್ದೇ ಹಾಕಿ ಕೊಡಿ

ಪುತ್ತೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬಂದು ವಿಂಡೋಸಿನ ಬದಲಿಗೆ ಲಿನಕ್ಸ್ ಹಾಕಿ ಕೊಡಿ ಎಂದು ಕೇಳಿದ ಗಿರಾಕಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. "ಭಟ್ರದ್ದು ಹಾಕಿ ಕೊಡಿ" ಎನ್ನುತ್ತಾರೆ. ತೋಟದವರೂ ಹಾಗೆಯೇ ಹೇಳುತ್ತಾರೆ, ನಮ್ಮ ಬ್ಯಾರಿ ಮುಸಲ್ಮಾನರೂ ಹಾಗೆಯೇ ಹೇಳುತ್ತಾರೆ, ಸುಬ್ರಹ್ಮಣ್ಯದ ಲಾಡ್ಜಿನ ಮ್ಯಾನೇಜರೂ ಫೋನಿನಲ್ಲಿ ಹಾಗೆಯೇ ಹೇಳುತ್ತಾರೆ. ಅದನ್ನು ಕಟ್ಟಿದವರು ಜಗತ್ತಿನ ಎಲ್ಲ ಮೂಲೆಗಳಲ್ಲೂ ಇದ್ದಾರೆ. ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ಬೇರೆಯವರಿಗೂ ಹಂಚಿ ಎಂದು ಬಿಟ್ಟುಕೊಟ್ಟಿದ್ದಾರೆ. ಅವರೆಲ್ಲ ದೊಡ್ಡವರು, ಒಪ್ಪಿದೆ. ಆದರೆ ಪುತ್ತೂರು, ಸುಳ್ಯ, ಕಡಬದ ಮಟ್ಟಿಗೆ ಅದು ಭಟ್ಟರದ್ದು.

ಭಟ್ಟರು ಹೋಗಿ ಒಂದು ಮಳೆಗಾಲ ಕಳೆಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಬಾಯಲ್ಲೇ ಒಮ್ಮೆಯೂ ಹೇಳದ ಹೆಸರನ್ನು ಕಾಗದದ ಮೇಲೆ ಹೇಗೆ ಬರೆಯಲಿ? ಬೆಟ್ಟಂಪಾಡಿಯಲ್ಲಿ ನಮ್ಮ ಮನೆಯಿಂದ ಎರಡು ತೋಟ ದಾಟಿದರೆ ಅವರ ಮನೆ. ಪೌರೋಹಿತ್ಯ ಅವರ ವೃತ್ತಿ. ಅಡಿಕೆ ಕೊಯ್ಯುವ ದೋಟಿಯ ಹಾಗೆ ಉದ್ದಕ್ಕೆ ಇದ್ದರು. ಸ್ಕೂಟರಿನಲ್ಲಿ ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಅದೇ ಸ್ಕೂಟರಿನಲ್ಲಿ ಬೆಳಿಗ್ಗೆ ಮರ್ಕಂಜದಲ್ಲೊಂದು ಗಣಹೋಮ, ಮಧ್ಯಾಹ್ನ ಕಡಬದಲ್ಲೊಂದು ಪೂಜೆ, ಸಂಜೆ ಇನ್ನೆಲ್ಲೋ ಒಂದು ಗೃಹಪ್ರವೇಶದ ವಾಸ್ತು, ಹೀಗೆ ಮೂರು ತಾಲೂಕು ಸುತ್ತುತ್ತಿದ್ದರು. ಅರವತ್ತು ದಾಟಿದ ಮೇಲೂ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ್ದನ್ನು ನಾನು ನೋಡಿಲ್ಲ.

ಇದೆಲ್ಲ ಶುರುವಾದದ್ದು ಒಂದು ಅವಮಾನದಿಂದ. ಭಟ್ಟರ ಹತ್ತಿರ ಜಾತಕ ಬರೆಯಲಿಕ್ಕೆಂದು ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಒಂದು ದಿನ ಅದರ ಪರದೆಯ ಮೇಲೆ ಸಂದೇಶ ಬಂತು: ಈ ಯಂತ್ರ ಹಳತಾಯಿತು, ಇನ್ನು ಮುಂದೆ ಇದಕ್ಕೆ ಹೊಸತೇನೂ ಸಿಗುವುದಿಲ್ಲ, ಬೇರೆ ಕೊಳ್ಳುವುದು ಒಳ್ಳೆಯದು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಅಂಗಡಿಗೆ ಬಂದರು. ನಾನೂ ಪರದೆ ಹೇಳಿದ್ದನ್ನೇ ಹೇಳಿದೆ. ಹೊಸತು ಮಾರುವುದು ನನ್ನ ಹೊಟ್ಟೆಪಾಡು ತಾನೇ. ಭಟ್ಟರು ಲ್ಯಾಪ್‌ಟಾಪಿನ ಪಕ್ಕಕ್ಕೆ ಕಿವಿ ಕೊಟ್ಟು ಅದರ ಫ್ಯಾನು ತಿರುಗುವ ಸದ್ದು ಕೇಳಿದರು. ನನ್ನನ್ನೂ ಕೇಳಿಸಿಕೊಳ್ಳಲು ಹೇಳಿದರು.

"ಉಸಿರಾಡುದು ಕೇಳ್ತದಾ ಇಲ್ವಾ? ಜೀವ ಇರುವಾಗ ನಾನು ಹೇಗೆ ಮಾರಾಯ ಕ್ರಿಯೆ ಮಾಡುದು?"

ಊರಿನ ಅರ್ಧ ಮಂದಿಯ ಉತ್ತರಕ್ರಿಯೆ ಮಾಡಿಸಿದವರು ಹೀಗೆ ಕೇಳಿದರೆ ಕಂಪ್ಯೂಟರ್ ರಿಪೇರಿಯವನು ಏನು ಹೇಳಬೇಕು? ಲ್ಯಾಪ್‌ಟಾಪನ್ನು ಮಡಚಿ ಅವರ ಕೈಗೇ ಕೊಟ್ಟೆ.

ಕೆಲವು ದಿನ ಕಳೆದು ಭಟ್ಟರು ಕಡಬದ ಒಂದು ಉಪನಯನಕ್ಕೆ ಹೋದಾಗ ಅಲ್ಲಿಗೆ ಬಂದಿದ್ದ ಕಾಲೇಜು ಉಪನ್ಯಾಸಕಿಯೊಬ್ಬರು ಈ ಸಂಕಟ ಕೇಳಿ, ತಮ್ಮ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿಕೊಟ್ಟರಂತೆ. ಸತ್ತದ್ದೆಂದು ಪರದೆಯೇ ಹೇಳಿದ್ದ ಯಂತ್ರ ಎದ್ದು ಕೂತು ಕನ್ನಡದಲ್ಲಿ ಸ್ವಾಗತ ಎಂದಿತು. ಭಟ್ಟರು ಆ ದಿನ ಉಪನಯನದ ಊಟ ಮುಗಿಸಿ ನೇರ ನನ್ನ ಅಂಗಡಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹೆಲ್ಮೆಟ್ ತೆಗೆಯುವಷ್ಟೂ ತಾಳ್ಮೆ ಇರಲಿಲ್ಲ. ಹೆಲ್ಮೆಟಿನ ಒಳಗಿನಿಂದಲೇ ಮಾತು ಶುರುವಾಗಿತ್ತು.

"ಕದ್ದದ್ದಲ್ಲ ಮಾರಾಯ, ಕೊಂಡದ್ದೂ ಅಲ್ಲ. ಕೊಟ್ಟದ್ದು."

ಕದ್ದದ್ದಲ್ಲ ಎಂಬ ಮಾತು ನನ್ನ ಕಡೆಗೇ ಇತ್ತು. ನಮ್ಮಂಥ ಅಂಗಡಿಯವರು ಗಿರಾಕಿಗಳಿಗೆ ಹಾಕಿಕೊಡುತ್ತಿದ್ದ ವಿಂಡೋಸಿಗೆ ರಶೀದಿ ಇರುವುದಿಲ್ಲ ಎಂಬುದು ಊರಿಗೇ ಗೊತ್ತು. ನಾನು ಒಂದು ಕೀಬೋರ್ಡನ್ನು ತಲೆಕೆಳಗು ಮಾಡಿ ಧೂಳು ಕೊಡವತೊಡಗಿದೆ.

ಅಂದಿನಿಂದ ಅವರ ಪೌರೋಹಿತ್ಯದ ಚೀಲಕ್ಕೆ ದರ್ಭೆ, ಪಂಚಪಾತ್ರೆಗಳ ಜೊತೆ ಒಂದು ಪೆನ್‌ಡ್ರೈವ್ ಸೇರಿತು. ಅದು ಕರ್ಪೂರದ ಪರಿಮಳ ಬೀರುತ್ತಿತ್ತು. ಯಾವ ಮನೆಗೆ ಹೋಗಲಿ, ಪೂಜೆ ಮುಗಿದು, ಊಟವಾಗಿ, ಎಲೆಯಡಿಕೆ ಬಾಯಿಗೆ ಹೋದ ಮೇಲೆ, "ಮನೆಯಲ್ಲಿ ಕಂಪ್ಯೂಟರ್ ಉಂಟಾ?" ಎಂದು ಕೇಳುವುದು. ಉಂಟು ಎಂದರೆ ಮುಗಿಯಿತು. ಕೈಕಾಲು ತೊಳೆದು ಬಂದು, ಶಲ್ಯವನ್ನು ಸೊಂಟಕ್ಕೆ ಬಿಗಿದು, ಕಂಪ್ಯೂಟರ್ ಮೂಡಣಕ್ಕೆ ಮುಖ ಮಾಡಿಲ್ಲದಿದ್ದರೆ ಮೇಜನ್ನೇ ತಿರುಗಿಸಿ, ಪೆನ್‌ಡ್ರೈವ್ ಚುಚ್ಚುತ್ತಿದ್ದರು. ಪೂಜೆಗೆ ದಕ್ಷಿಣೆ ತೆಗೆದುಕೊಳ್ಳುತ್ತಿದ್ದರು, ಇದಕ್ಕೆ ಮುಟ್ಟುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ಸಿಟ್ಟೇ ಬರುತ್ತಿತ್ತು.

ಅವರ ಲೆಕ್ಕದಲ್ಲಿ ಗಂಟೆ, ನಿಮಿಷ ಇರಲಿಲ್ಲ. ಒಳ್ಳೆಯ ಯಂತ್ರವಾದರೆ ಒಂದು ಮಂಗಳಾರತಿಯ ಹೊತ್ತು. ಸಾಧಾರಣದ್ದಾದರೆ ಒಂದು ಗಣಹೋಮ. ತೀರ ಹಳತಾದರೆ ಒಂದು ಸತ್ಯನಾರಾಯಣ ಪೂಜೆ, ಅದೂ ಕಥೆ ಸಮೇತ. ಸುಳ್ಯದ ಕಡೆಯ ಮನೆಯಾದರೆ ಇನ್ನೊಂದು ವಿಧಿ ಹೆಚ್ಚಿಗೆ ಇತ್ತು. ಅಲ್ಲಿ ಗಾಳಿ ಬೀಸುವ ಯೋಚನೆ ಮಾಡಿದರೆ ಸಾಕು, ಕರೆಂಟು ಹೋಗುತ್ತದೆ. ಅರ್ಧದಲ್ಲಿ ಕರೆಂಟು ಹೋದರೆ ಯಂತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅದಕ್ಕೆ ಭಟ್ಟರು ಮೊದಲೇ ಲೈನ್‌ಮ್ಯಾನಿಗೆ ಫೋನು ಮಾಡಿ, ಒಂದು ಗಣಹೋಮದ ಹೊತ್ತು ಕರೆಂಟು ತೆಗೆಯಬೇಡಿ ಎಂದು ಹೇಳುತ್ತಿದ್ದರು. ಆ ಲೈನ್‌ಮ್ಯಾನಿನ ಮನೆಯ ಗೃಹಪ್ರವೇಶ ಮಾಡಿಸಿದ್ದು ಇವರೇ. ಪಾಪ, ಆ ಮನುಷ್ಯ ನಿಜವಾದ ಗಣಹೋಮವೇ ಎಂದು ತಿಳಿದು ಒಂದೆರಡು ಸಲ ಪ್ರಸಾದ ಕೇಳಿದ್ದರಂತೆ.

ಎಲ್ಲಕ್ಕಿಂತ ವಿಚಿತ್ರದ್ದು ಅವರ ಶುದ್ಧಿ. ಹಳೆಯದ್ದನ್ನು ಇಟ್ಟುಕೊಂಡು ಪಕ್ಕದಲ್ಲಿ ಹೊಸದನ್ನೂ ಹಾಕಬಹುದು, ಬೇಕಾದಾಗ ಬೇಕಾದದ್ದು ತೆರೆಯಬಹುದು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವರು ಕೇಳಲೇ ಇಲ್ಲ. ಒಂದೇ ಪೀಠದಲ್ಲಿ ಇಬ್ಬರನ್ನು ಕೂರಿಸಿದರೆ ನೈವೇದ್ಯ ಯಾರಿಗೆ ಇಡುವುದು ಎಂದು ತಿರುಗಿ ಕೇಳಿದರು. ಮೊದಲು ನೆಲ ಸಾರಿಸಬೇಕು, ಆಮೇಲೆ ಮಂಡಲ ಬರೆಯಬೇಕು. ಹಾಗಾಗಿ ಮನೆಯವರಿಗೆ ಬೇಕಾದ್ದನ್ನು ಕೇಳಿ ಬೇರೆ ಕಡೆ ತೆಗೆದಿಟ್ಟು, ಡಿಸ್ಕನ್ನು ಪೂರ್ತಿ ಅಳಿಸಿಯೇ ಮುಂದಿನ ಕೆಲಸ. ಪೂರ್ತಿ ಅಳಿಸಲೇ ಎಂದು ಪರದೆ ಕೇಳಿದಾಗ ಭಟ್ಟರ ಮುಖದಲ್ಲಿ ಬರುವ ಕಳೆ ನೋಡಬೇಕಿತ್ತು.

ನನ್ನ ವ್ಯಾಪಾರಕ್ಕೆ ಏನಾಯಿತೆಂದು ನೀವು ಕೇಳಬೇಕು. ಆ್ಯಂಟಿವೈರಸಿಗೆ ಬರುತ್ತಿದ್ದವರು ನಿಂತರು. ಆರು ತಿಂಗಳಿಗೊಮ್ಮೆ ಫಾರ್ಮ್ಯಾಟಿಗೆ ಬರುತ್ತಿದ್ದವರೂ ನಿಂತರು. ಬದಲಿಗೆ ಪ್ರಿಂಟರ್ ಹಿಡಿದುಕೊಂಡವರು ಬರತೊಡಗಿದರು. ಭಟ್ಟರು ಹಾಕಿದ್ದರಲ್ಲಿ ಪ್ರಿಂಟರ್ ಮಾತಾಡುವುದಿಲ್ಲ ಎಂದು ದೂರು. ನನಗೆ ಆ ವ್ಯವಸ್ಥೆಯ ಗಂಧಗಾಳಿ ಗೊತ್ತಿರಲಿಲ್ಲ. ಗಿರಾಕಿಯ ಎದುರು ಗೊತ್ತಿಲ್ಲ ಎನ್ನಲಾಗದೆ ರಾತ್ರಿಯೆಲ್ಲ ಓದಿ ಕಲಿತೆ. ಹೀಗೆ ಭಟ್ಟರು ನನ್ನ ಹೊಟ್ಟೆಗೆ ಹೊಡೆದು, ಹೊಡೆದ ಜಾಗಕ್ಕೆ ಅವರೇ ಎಣ್ಣೆ ಹಚ್ಚಿದರು.

ಮರ್ಕಂಜದ ಒಂದು ಮನೆಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿದ್ದರು. ಅಲ್ಲಿಯೂ ಪ್ರಿಂಟರಿನ ತಕರಾರು. ಆ ಮನೆಯ ಅಜ್ಜಿಗೆ ಸಂಶಯ: ಇದಕ್ಕೆ ಒಮ್ಮೆ ಪ್ರಶ್ನೆ ಇಟ್ಟು ನೋಡಬೇಕು, ಯಾವುದಾದರೂ ದೋಷ ಕಾಣಬಹುದು. ಕವಡೆ ಇಟ್ಟು ಪ್ರಶ್ನೆ ಹೇಳುವುದು ಭಟ್ಟರಿಗೆ ಗೊತ್ತಿದ್ದ ವಿದ್ಯೆಯೇ. ಅವರು ಅಜ್ಜಿಗೆ ಕೈಮುಗಿದು, ಈ ದೋಷಕ್ಕೆ ಪರಿಹಾರ ಮಾಡುವವರನ್ನು ಪುತ್ತೂರಿನಿಂದ ಕರೆದುಕೊಂಡೇ ಬಂದಿದ್ದೇನೆ ಎಂದು ನನ್ನನ್ನು ತೋರಿಸಿದರು. ಅಜ್ಜಿ ನನಗೂ ಕೈಮುಗಿದರು. ನನ್ನ ಟೊಪ್ಪಿ ನೋಡಿ ಅವರಿಗೆ ಸ್ವಲ್ಪ ಗಲಿಬಿಲಿಯಾಯಿತು. ಆದರೆ ಪ್ರಿಂಟರ್ ಕಾಗದ ಹೊರಗೆ ದಬ್ಬಿದ ಕೂಡಲೇ ಆ ಗಲಿಬಿಲಿ ಹೋಯಿತು, ನನಗೆ ಎರಡನೇ ಸಲ ಪಾಯಸ ಬಡಿಸಿದರು.

ಪಾಯಸ ಎಂದಾಗ ಇನ್ನೊಂದು ನೆನಪಾಯಿತು. ಲಿನಕ್ಸಿನ ಕನ್ನಡ ಯಾರು ಬೇಕಾದರೂ ತಿದ್ದಬಹುದಾದದ್ದು ಎಂದು ಭಟ್ಟರಿಗೆ ಯಾರೋ ಹೇಳಿಬಿಟ್ಟರು. ಕಾಯಲು ಹೇಳುವ ಕಡೆ ಪರದೆಯಲ್ಲಿ "ದಯವಿಟ್ಟು ನಿರೀಕ್ಷಿಸಿ" ಎಂದಿತ್ತು. ಮನೆಗೆ ಬಂದವರಿಗೆ ಯಾರಾದರೂ ಹಾಗೆ ಹೇಳುತ್ತಾರಾ ಎಂದು ಭಟ್ಟರ ತಕರಾರು. "ಸ್ವಲ್ಪ ತಡೆಯಿರಿ" ಎಂದು ಬರೆದು ಕಳಿಸಿದರು. ಎಷ್ಟೋ ಸಮಯದ ನಂತರ ಒಂದು ಹೊಸ ಆವೃತ್ತಿಯಲ್ಲಿ ಅವರ ಮಾತು ಪರದೆಯ ಮೇಲೆ ಬಂತು. ಭಟ್ಟರು ಮನೆಯಿಂದ ಪಾತ್ರೆ ತುಂಬ ಗೋಧಿ ಕಡಿ ಪಾಯಸ ತಂದು ನಮ್ಮ ಓಣಿಯ ಪ್ರತಿಯೊಂದು ಅಂಗಡಿಗೂ ಹಂಚಿದರು. ಮೊಮ್ಮಗು ಹುಟ್ಟಿತೇ ಎಂದು ಎಲ್ಲರೂ ಕೇಳಿದರು. ಹೌದು, ಹೌದು ಎಂದು ಹೇಳಿಕೊಂಡು ಹೋದರು.

ಇಷ್ಟೆಲ್ಲ ಕುಣಿದಾಡಿದ ಮನುಷ್ಯ ಒಂದು ದಿನ ನಮ್ಮ ಮನೆಯ ಜಗಲಿಯಲ್ಲಿ ತಲೆ ಬಗ್ಗಿಸಿ ಕೂತರು. ಅದನ್ನು ಹೇಳದಿದ್ದರೆ ಭಟ್ಟರ ಬಗ್ಗೆ ಬರೆದದ್ದೇ ದಂಡ.

ನನ್ನ ಉಪ್ಪ, ಅಂದರೆ ತಂದೆ, ಮದುವೆಯಾದ ಹೊಸದರಲ್ಲೇ ಸೌದಿಯ ದಮ್ಮಾಮಿಗೆ ಹೋದವರು. ಆಗ ಊರಿಗೆ ಫೋನು ಇರಲಿಲ್ಲ. ಉಮ್ಮನಿಗೆ, ಅಂದರೆ ತಾಯಿಗೆ, ಓದಲು ಬರೆಯಲು ಬಾರದು. ಹಾಗಾಗಿ ಗಲ್ಫಿನವರ ಮನೆಗಳಲ್ಲಿ ಆಗ ನಡೆಯುತ್ತಿದ್ದದ್ದು ಕ್ಯಾಸೆಟು. ಅಲ್ಲಿ ಟೇಪ್‌ರೆಕಾರ್ಡರಿನ ಎದುರು ಕೂತು ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುವುದು. ಇಲ್ಲಿಂದ ಹೋಗುವವರ ಕೈಯಲ್ಲಿ ಉತ್ತರ. ಅದಕ್ಕೊಂದು ಕ್ರಮವೂ ಇತ್ತು. ಎ ಸೈಡು ಮನೆಮಂದಿಗೆಲ್ಲ. ಅಜ್ಜಿಯ ಮೊಣಕಾಲು, ಬಾವಿಯ ನೀರು, ದನ ಕರು ಹಾಕಿದ್ದು, ಯಾರ ಮದುವೆ, ಯಾರ ಜಗಳ. ಎ ಸೈಡು ಮುಗಿದ ಕೂಡಲೇ ಮನೆಯವರೆಲ್ಲ ಎದ್ದು ಹೊರಗೆ ಹೋಗಬೇಕು. ಬಿ ಸೈಡು ಹೆಂಡತಿಗೆ ಮಾತ್ರ. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ.

ಉಪ್ಪ ವಾಪಸ್ಸು ಬಂದಾಗ ಉಮ್ಮ ಕಳಿಸಿದ್ದ ಕ್ಯಾಸೆಟುಗಳನ್ನೂ ಜೋಪಾನವಾಗಿ ತಂದಿದ್ದರು. ಎರಡೂ ಕಡೆಯದ್ದು ಸೇರಿ ಒಂದು ಸೂಟ್‌ಕೇಸು ತುಂಬ. ಅವುಗಳಿಗೆ ತೇವಕ್ಕೆ ಬೂಸು ಹಿಡಿಯತೊಡಗಿದಾಗ ನಾನು ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿ, ಹಾಳಾದ ಟೇಪುಗಳನ್ನು ಎಸೆದಿದ್ದೆ. ಪರದೆಯ ಮೇಲೆ ಒಂದು ಚಿತ್ರ ಇಟ್ಟುಕೊಟ್ಟಿದ್ದೆ. ಅದನ್ನು ಒತ್ತಿದರೆ ಸಾಲಾಗಿ ಕ್ಯಾಸೆಟು ಹಾಡುತ್ತಿತ್ತು. ಉಮ್ಮನಿಗೆ ಕಂಪ್ಯೂಟರ್ ಎಂದರೆ ಅಷ್ಟೇ. ಬೆಳಗಿನ ಕೆಲಸ ಮುಗಿಸಿ, ತಲೆಗೆ ಬಟ್ಟೆ ಸರಿಮಾಡಿಕೊಂಡು, ಆ ಚಿತ್ರ ಒತ್ತಿ, ಪ್ರಾಯದ ಉಪ್ಪನ ದನಿ ಕೇಳುತ್ತಾ ಅಕ್ಕಿ ಆರಿಸುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ಉಪ್ಪ, ಕಿವಿ ಮಂದವಾದವರು, ತಮ್ಮದೇ ದನಿ ಕೇಳಿಸದೆ ಪೇಪರ್ ಓದುತ್ತಿದ್ದರು.

ಆ ಕಂಪ್ಯೂಟರ್ ನಿಧಾನವಾಗಿತ್ತು. ನಾನು ಊರಿನವರದ್ದೆಲ್ಲ ರಿಪೇರಿ ಮಾಡುತ್ತಿದ್ದೆ, ಮನೆಯದ್ದು ನಾಳೆ ನಾಳೆ ಎಂದು ಉಳಿಯಿತು. ಒಂದು ದಿನ ನಾನು ಸುಬ್ರಹ್ಮಣ್ಯಕ್ಕೆ ಹೋಗಿದ್ದಾಗ ಭಟ್ಟರು ದಾರಿಯಲ್ಲಿ ಹೋಗುವುದು ಕಂಡು ಉಮ್ಮ ಕರೆದಳು. ಊರಿಗೆಲ್ಲ ಹಾಕುತ್ತೀರಿ, ನಮಗೂ ನಿಮ್ಮದು ಹಾಕಿ ಕೊಡಿ ಎಂದಳು. ಭಟ್ಟರಿಗೆ ಇಷ್ಟು ಸಾಕು. ನಮ್ಮ ಮನೆಯಲ್ಲಿ ಅವರು ಸೀಯಾಳ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಕುಡಿದು, ಕೈಕಾಲು ತೊಳೆದು, ಶಲ್ಯ ಬಿಗಿದು, ಒಳಗೆ ಬೇಕಾದ್ದು ಏನೇನಿದೆ ಎಂದು ಎಲ್ಲ ಕಡೆ ಕೇಳುವಂತೆ ಕೇಳಿದರು. ಫೋಟೋ ಉಂಟು ಎಂದಳು ಉಮ್ಮ. ಫೋಟೋಗಳನ್ನು ಜಾಗ್ರತೆಯಾಗಿ ತೆಗೆದಿಟ್ಟರು. ಉಮ್ಮನ ತಿಳುವಳಿಕೆಯಲ್ಲಿ ಕಂಪ್ಯೂಟರಿನ ಒಳಗೆ ಇದ್ದದ್ದು ಫೋಟೋ ಮಾತ್ರ. ಉಪ್ಪನ ದನಿ ಇದ್ದದ್ದು ಸ್ಪೀಕರಿನಲ್ಲಿ. ಸ್ಪೀಕರನ್ನು ಯಾರೂ ಮುಟ್ಟಿರಲಿಲ್ಲ. ಭಟ್ಟರು ನೆಲ ಸಾರಿಸಿದರು.

ಸಂಜೆ ನಾನು ಬರುವಾಗ ಕಂಪ್ಯೂಟರ್ ಗಾಳಿಯ ಹಾಗೆ ಓಡುತ್ತಿತ್ತು. ಉಮ್ಮ ಅದರ ಎದುರು ಕೂತಿದ್ದಳು. ಚಿತ್ರ ಎಲ್ಲಿಗೆ ಹೋಯಿತು ಮಗ ಎಂದು ಕೇಳಿದಳು. ನನ್ನ ಮುಖ ನೋಡಿ ಅವಳಿಗೆ ಉತ್ತರ ಗೊತ್ತಾಯಿತು. ಅಳಲಿಲ್ಲ, ಬೈಯಲಿಲ್ಲ. ಹೋಗಲಿ, ಭಟ್ಟರಿಗೆ ಹೇಳಬೇಡ ಎಂದಳು. ನನಗೆ ಅದಕ್ಕೇ ಸಿಟ್ಟು ಬಂದು ಭಟ್ಟರಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಹೇಳಿಬಿಟ್ಟೆ. ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲು ಯಾರ ಮೇಲೂ ಬಂದಿರಲಿಲ್ಲ.

ಅವರು ಅರ್ಧಕ್ಕೆ ಎದ್ದು ಬಂದಿರಬೇಕು, ಹಣೆಯಲ್ಲಿ ಹೋಮದ ಮಸಿ ಹಾಗೆಯೇ ಇತ್ತು. ಒಳಗೆ ಬರಲಿಲ್ಲ. ಜಗಲಿಯಲ್ಲಿ ಕೂತು, ಚೀಲದಿಂದ ಪೆನ್‌ಡ್ರೈವ್ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಇದು ಇನ್ನು ನಂಗೆ ಬೇಡ. ಒಬ್ಬರ ಮನೆಯ ದನಿ ಅಳಿಸಿದ ಕೈಗೆ ಇದನ್ನು ಮುಟ್ಟುವ ಯೋಗ್ಯತೆ ಇಲ್ಲ."

ಬೈಯಲೆಂದು ನಾನು ಇನ್ನೂ ಒಂದಷ್ಟು ಕೂಡಿಟ್ಟಿದ್ದೆ. ಅಂಗೈಯಲ್ಲಿದ್ದ ಪೆನ್‌ಡ್ರೈವ್ ನೋಡಿ ಎಲ್ಲ ಇಳಿದುಹೋಯಿತು. ಅಳಿಸಿದ್ದು ಅಷ್ಟು ಬೇಗ ಹೋಗುವುದಿಲ್ಲ, ಮೇಲೆ ಬೇರೆ ಬರೆಯುವವರೆಗೆ ಡಿಸ್ಕಿನಲ್ಲಿ ಗುರುತು ಉಳಿದಿರುತ್ತದೆ, ಇದೇ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿದರೆ ಡಿಸ್ಕನ್ನು ಮುಟ್ಟದೆ ಹುಡುಕಬಹುದು ಎಂದೆ. ಅದಕ್ಕೆ ಬೇಕಾದ ಸಲಕರಣೆಯೂ ಇದರಂತೆಯೇ ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟದ್ದು. ಭಟ್ಟರು ಕೂತಲ್ಲಿಂದ ಚಿಮ್ಮಿ ಎದ್ದರು. ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಗಣಹೋಮದಲ್ಲಿ ಮುಗಿಯುವುದಿಲ್ಲ, ಚಂಡಿಕಾಹೋಮವೇ ಆಗಬೇಕಾದೀತು ಎಂದೆ. ಆ ದಿನ ಮೊದಲ ಸಲ ಅವರು ನಕ್ಕರು.

ಡಿಸ್ಕನ್ನು ಅಗೆದು ಅಗೆದು ಆ ಸಲಕರಣೆ ದನಿಗಳನ್ನು ಹೊರಗೆ ತೆಗೆಯಿತು. ಆದರೆ ಒಂದಕ್ಕೂ ಹೆಸರಿಲ್ಲ. ಯಾವುದು ಯಾವ ವರ್ಷದ್ದು, ಯಾವುದರ ಹಿಂದೆ ಯಾವುದು, ಯಾವುದು ಎ ಸೈಡು, ಯಾವುದು ಬಿ, ಒಂದೂ ಗೊತ್ತಿಲ್ಲ. ಒಂದೊಂದಾಗಿ ಕೇಳಿ ಜೋಡಿಸಬೇಕು. ಅದನ್ನು ತಾನೇ ಮಾಡುತ್ತೇನೆ ಎಂದು ಭಟ್ಟರು ಹಟ ಹಿಡಿದರು. ಬ್ಯಾರಿ ಭಾಷೆ ಅವರಿಗೆ ನನ್ನಷ್ಟೇ ಬರುತ್ತಿತ್ತು. ಹಾಗಾಗಿ ಆ ಇಡೀ ವಾರ, ಪೂಜೆಗಳ ನಡುವೆ ಬಿಡುವಾದಾಗಲೆಲ್ಲ ಭಟ್ಟರು ನಮ್ಮ ಮನೆಯಲ್ಲಿ. ಕಂಪ್ಯೂಟರಿನ ಒಂದು ಪಕ್ಕ ಉಮ್ಮ, ಇನ್ನೊಂದು ಪಕ್ಕ ಭಟ್ಟರು, ಕುರ್ಚಿಯಲ್ಲಿ ಉಪ್ಪ.

ಆ ವಾರ ನಮ್ಮ ಮನೆಯಲ್ಲಿ ನಕ್ಕಷ್ಟು ಬೇರೆ ಯಾವಾಗಲೂ ನಕ್ಕದ್ದು ನನಗೆ ಗೊತ್ತಿಲ್ಲ. ಉಪ್ಪ ಎ ಸೈಡಿನಲ್ಲಿ ಕಿರುಚುತ್ತಿದ್ದರು. ದಮ್ಮಾಮಿನಿಂದ ಬೆಟ್ಟಂಪಾಡಿಗೆ ಕೇಳಬೇಕಲ್ಲ, ಅದಕ್ಕೆ. ಬಿ ಸೈಡಿನಲ್ಲಿ ದನಿ ಸಣ್ಣದಾಗುತ್ತಿತ್ತು. ಹೊಸ ತುಣುಕು ಶುರುವಾದ ಕೂಡಲೇ ಎಲ್ಲರೂ ಉಸಿರು ಬಿಗಿಹಿಡಿಯುವುದು. ಕಿರುಚು ಕೇಳಿದರೆ ಸಮಾಧಾನ. ಪಿಸುಮಾತು ಶುರುವಾಯಿತೋ, ಭಟ್ಟರು "ಬಿ ಸೈಡು, ಬಿ ಸೈಡು" ಎನ್ನುತ್ತಾ ಎರಡೂ ಕಿವಿ ಮುಚ್ಚಿಕೊಂಡು ಜಗಲಿಗೆ ಓಡುತ್ತಿದ್ದರು. ನಾನು ಮಗ, ನನಗೆ ಅದಕ್ಕಿಂತ ಹೆಚ್ಚಿನ ಅವಸರ. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆಯುತ್ತಿದ್ದೆವು. ಒಳಗೆ ಉಮ್ಮ ಒಬ್ಬಳೇ ಕೇಳಿ ಮುಗಿಸಿ, ಬನ್ನಿ ಎಂದು ಕರೆಯುತ್ತಿದ್ದಳು. ಏನೂ ಕೇಳಿಸದ ಉಪ್ಪನಿಗೆ ನಾವು ಯಾಕೆ ಹೀಗೆ ಓಡುತ್ತೇವೆ ಎಂದು ಮೊದಲ ದಿನ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು.

ವರ್ಷ ಹಿಡಿಯಲು ಭಟ್ಟರು ಮನೆಯಿಂದ ಹಳೆಯ ಪಂಚಾಂಗಗಳ ಕಟ್ಟನ್ನೇ ಹೊತ್ತು ತಂದಿದ್ದರು. ಒಂದು ಕ್ಯಾಸೆಟಿನಲ್ಲಿ ಉಮ್ಮ, ನಾಳೆ ರಂಜಾನಿನ ಮೊದಲ ಉಪವಾಸ, ಮನೆ ತುಂಬ ಹಲಸಿನ ಹಣ್ಣು ಎನ್ನುತ್ತಾಳೆ. ಇನ್ನೊಂದರಲ್ಲಿ ಹಬ್ಬದ ಚಂದ್ರ ಕಾಣಲಿಲ್ಲ, ಜಡಿಮಳೆ ಎನ್ನುತ್ತಾಳೆ. ರಂಜಾನು ವರ್ಷ ವರ್ಷಕ್ಕೆ ಹಿಂದೆ ಸರಿಯುತ್ತದೆ, ಹಲಸಿನ ಹಣ್ಣು ಸರಿಯುವುದಿಲ್ಲ. ಭಟ್ಟರು ಅಮಾವಾಸ್ಯೆ ಹುಡುಕಿ, ಬೆರಳು ಮಡಚಿ, ಮಳೆಯದ್ದು ಮೊದಲು, ಹಲಸಿನದ್ದು ಆಮೇಲೆ ಎಂದು ಜೋಡಿಸುತ್ತಿದ್ದರು. ಚಂದ್ರ ನಿಮಗೂ ಒಂದೇ ನಮಗೂ ಒಂದೇ, ಲೆಕ್ಕ ತಪ್ಪಲಿಕ್ಕೆ ಜಾಗ ಎಲ್ಲಿದೆ ಎಂದು ಉಮ್ಮನಿಗೆ ಧೈರ್ಯ ಹೇಳುತ್ತಿದ್ದರು.

ಎಲ್ಲವೂ ಸಿಕ್ಕಿತು, ಒಂದನ್ನು ಬಿಟ್ಟು. ಉಪ್ಪ ಕಳಿಸಿದ ಮೊಟ್ಟಮೊದಲನೆಯ ಕ್ಯಾಸೆಟು. ಅದು ಇದ್ದ ಜಾಗದ ಮೇಲೆಯೇ ಹೊಸ ವ್ಯವಸ್ಥೆ ಬಂದು ಕೂತಿತ್ತು. ಅಲ್ಲಿಂದ ಇನ್ನು ಏನೂ ಬಾರದು ಎಂದು ನಾನು ಹೇಳಬೇಕಾಯಿತು. ಭಟ್ಟರ ಮುಖ ಮತ್ತೆ ಬಾಡಿತು. ಅಷ್ಟು ದಿನ ಹುಡುಕಿದ್ದು ಅದೊಂದರಲ್ಲಿ ನೀರಾಯಿತು ಎನ್ನುವ ಹಾಗೆ ಪಂಚಾಂಗಗಳನ್ನು ಕಟ್ಟತೊಡಗಿದರು. ಆಗ ಉಮ್ಮ ಮಾತಾಡಿದಳು.

"ಅದು ಹೋಗುದಿಲ್ಲ ಭಟ್ರೆ. ಅದು ನಂಗೆ ಬಾಯಿಪಾಠ ಉಂಟು. ನೀವು ರೆಕಾರ್ಡು ಮಾಡಿ."

ಮೈಕ್ ಇಟ್ಟೆವು. ಉಮ್ಮ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಉಪ್ಪನ ಹಾಗೆಯೇ ಕಿರುಚಿ, ಅಸ್ಸಲಾಮು ಅಲೈಕುಂ ಎಂದು ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ಕೇಳಿದಳು. ಉಪ್ಪ ಎಲ್ಲಿ ಕೆಮ್ಮಿದ್ದರೋ ಅಲ್ಲಿ ಕೆಮ್ಮಿದಳು. ಎಲ್ಲಿ ಹಿಂದಿನಿಂದ ಯಾರೋ ಊಟಕ್ಕೆ ಕರೆದಿದ್ದರೋ ಅಲ್ಲಿ ಕರೆದಳು. ಉಪ್ಪ ಪೇಪರ್ ಕೆಳಗಿಟ್ಟು, ಕೈಯನ್ನು ಕಿವಿಗೆ ಆನಿಸಿ ಬಗ್ಗಿ ಕೂತರು. ಎ ಸೈಡು ಮುಗಿದಾಗ ಭಟ್ಟರು ಅಭ್ಯಾಸದಂತೆ ಎದ್ದರು. ಉಮ್ಮ ಕೂರಲು ಹೇಳಿದಳು. ನಮಗಿಬ್ಬರಿಗೂ ಹಲ್ಲು ಹೋಯಿತು, ಇನ್ನು ಎಂತದು ಎಂದಳು. ಭಟ್ಟರು ನೆಲ ನೋಡುತ್ತಾ ಕೂತರು.

ದನಿ ಇಳಿಸಿ ಉಮ್ಮ ಬಿ ಸೈಡು ಹೇಳಿದಳು. ಒಂದೇ ಕೋಣೆಯಲ್ಲಿ ಎಷ್ಟೊಂದು ಮಂದಿ ಮಲಗುತ್ತೇವೆ, ನಿನ್ನ ಕ್ಯಾಸೆಟು ಬಂದರೆ ಕಂಬಳಿಯೊಳಗೆ ಹೋಗಿ ಕೇಳುತ್ತೇನೆ, ಅಂಗಡಿಯಲ್ಲೊಂದು ಹಸಿರು ಸೀರೆ ನೋಡಿದ್ದೇನೆ, ಯಾರೂ ಕೊಂಡುಹೋಗದಿದ್ದರೆ ಸಾಕು. ಆಮೇಲೆ, ಇನ್ನೊಂದು ಮಾತು ಉಂಟು, ಅದು ನಿನ್ನ ಹತ್ತಿರ ಮಾತ್ರ ಹೇಳುವುದು ಎಂದಳು. ಅಲ್ಲಿಗೆ ನಿಲ್ಲಿಸಿದಳು.

"ಇಲ್ಲಿಗೆ ಟೇಪು ಮುಗೀತು. ಆ ಮಾತು ಎಂತದೂಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಮರುಕ್ಯಾಸೆಟಿನಲ್ಲಿ ಕೇಳಿದ್ದಳಂತೆ. ಬಂದಾಗ ಹೇಳುತ್ತೇನೆ ಎಂದಿದ್ದರಂತೆ. ಬಂದಾಗ ಮನೆ ತುಂಬ ಜನ, ಆಮೇಲೆ ಮಕ್ಕಳು, ಮತ್ತೆ ಹೊರಡುವ ಗಡಿಬಿಡಿ. ಅದು ಹಾಗೆಯೇ ಉಳಿಯಿತು. ನಾವು ಮೂವರೂ ಉಪ್ಪನ ಕಡೆ ತಿರುಗಿದೆವು. ಅವಳ ತುಟಿಯನ್ನೇ ನೋಡುತ್ತಿದ್ದ ಉಪ್ಪನಿಗೆ ಅಷ್ಟೂ ಗೊತ್ತಾಗಿತ್ತು. ಅವರ ಮುಖ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ.

"ಮಗ, ಭಟ್ರನ್ನು ಕರ್ಕೊಂಡು ಸ್ವಲ್ಪ ಹೊರಗೆ ಹೋಗು" ಎಂದರು.

ಹೊರಗೆ ಹೋದೆವು. ಜಗಲಿಗೆ ಬಂದ ಮೇಲೆ ನಮ್ಮಿಬ್ಬರಿಗೂ ಹೊಳೆಯಿತು: ಉಪ್ಪನಿಗೆ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೆಲ್ಲ ಕಿರುಚಿಯೇ. ಇಲ್ಲಿಗೂ ಕೇಳಿಸುತ್ತದೆ. ಅಂಗಳಕ್ಕೆ ಓಡಿದೆವು. ಅಲ್ಲಿಗೂ ಏನೋ ಕೇಳಿಸತೊಡಗಿತು. ಬಾವಿಯ ಹತ್ತಿರಕ್ಕೆ ಓಡಿದೆವು. ಅಲ್ಲಿಯೂ ನಂಬಿಕೆ ಸಾಲದೆ ಭಟ್ಟರು ಕಣ್ಣು ಮುಚ್ಚಿ ಗಟ್ಟಿಯಾಗಿ ಮಂತ್ರ ಶುರು ಮಾಡಿದರು. ಒಳಗಿನ ಉಪ್ಪನ ದನಿ ಜೋರಾದಷ್ಟೂ ಅವರ ಮಂತ್ರ ಜೋರಾಯಿತು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, ಬ್ಯಾರಿಗಳ ಬಾವಿಗೆ ಎಂತ ಪೂಜೆ ಎಂದು ಕೇಳಿದರು. ನನಗೆ ನಕ್ಕು ನಕ್ಕು ಉತ್ತರ ಹೇಳಲಾಗಲಿಲ್ಲ. ಆಗ ಒಳಗಿನಿಂದ ಉಮ್ಮ ನಗುವುದು ಕೇಳಿಸಿತು. ಹಾಗೆ ಅವಳು ನಕ್ಕದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಭಟ್ಟರು ಮಂತ್ರ ನಿಲ್ಲಿಸಿದರು.

ಒಳಗೆ ಹೋದಾಗ ಗೊತ್ತಾಯಿತು, ಗಡಿಬಿಡಿಯಲ್ಲಿ ರೆಕಾರ್ಡು ನಿಲ್ಲಿಸಲು ಇಬ್ಬರೂ ಮರೆತಿದ್ದೆವು. ಅದು ಓಡುತ್ತಲೇ ಇತ್ತು. ಉಪ್ಪನ ಮಾತು ಪರದೆಯ ಮೇಲೆ ಗುಡ್ಡ ಗುಡ್ಡವಾಗಿ ಎದ್ದು ನಿಂತಿತ್ತು. ಒಂದು ಗುಂಡಿ ಒತ್ತಿದರೆ ಕೇಳಬಹುದಿತ್ತು. ಭಟ್ಟರು ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಇದ್ದ ಆಸೆಯನ್ನು ನಾನು ಹೇಗೆ ಹೇಳಲಿ? ಮತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಓರೆಗಣ್ಣಿನಲ್ಲಿ ಗುರಿ ಹಿಡಿದು, ಉಮ್ಮನ ಮಾತು ಮುಗಿದಲ್ಲಿಂದ ಮುಂದಿನದ್ದನ್ನು ಪೂರ್ತಿ ಅಳಿಸಿದರು. ಉಮ್ಮ ನಮಗೆ ಸೀಯಾಳ ತಂದಳು. ಅವಳು ತಲೆಯೆತ್ತಲಿಲ್ಲ, ನಾವೂ ಎತ್ತಲಿಲ್ಲ.

ಹೊರಡುವಾಗ ಭಟ್ಟರು ಮೇಜಿನ ಮೇಲಿದ್ದ ಪೆನ್‌ಡ್ರೈವನ್ನು ಕೇಳದೆಯೇ ಎತ್ತಿ ಚೀಲಕ್ಕೆ ಹಾಕಿಕೊಂಡರು. ಅಂದಿನಿಂದ ಯಾವ ಮನೆಗೆ ಹೋದರೂ, ನೆಲ ಸಾರಿಸುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ, ಇದರೊಳಗೆ ಯಾರ ದನಿಯಾದರೂ ಇದೆಯಾ ಎಂದು ಕೇಳುತ್ತಿದ್ದರು. ಜನರಿಗೆ ಅರ್ಥವಾಗುತ್ತಿರಲಿಲ್ಲ. ಅದೂ ಒಂದು ವಿಧಿ ಎಂದು ತಿಳಿದು ಇಲ್ಲ ಎನ್ನುತ್ತಿದ್ದರು.

ನನ್ನ ಹತ್ತಿರ ಮಾತ್ರ ಅವರದ್ದು ಬೇರೆ ಪ್ರಶ್ನೆ. ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟಿನ ಒಳಗಿನಿಂದಲೇ, ಎಂತ ಹೇಳಿರಬಹುದು ಮಾರಾಯ ಎನ್ನುವುದು. ಉಮ್ಮನ ಹತ್ತಿರ ಮೆಲ್ಲ ಕೇಳು ಎನ್ನುವುದು. ನಾನು ಹೇಗೆ ಕೇಳುವುದು, ನೀವೇ ಕೇಳಿ ಎನ್ನುತ್ತಿದ್ದೆ. ಛೆ ಛೆ ಎಂದು ಹೋಗುತ್ತಿದ್ದರು. ಮರುವಾರ ಮತ್ತೆ ಅದೇ. ಹಸಿರು ಸೀರೆಗೆ ಸಂಬಂಧಪಟ್ಟದ್ದು ಎಂದು ಒಮ್ಮೆ, ಅಲ್ಲ ಅಲ್ಲ ಎಂದು ಇನ್ನೊಮ್ಮೆ. ಕೊನೆಗೆ ಕಾಯಿಲೆ ಬಿದ್ದ ಅವರನ್ನು ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಾತಾಡಲು ಶಕ್ತಿ ಇರಲಿಲ್ಲ. ಹುಬ್ಬು ಹಾರಿಸಿ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ನಕ್ಕರು.

ಅವರು ಹೋದ ಸುದ್ದಿ ಬಂದ ಬೆಳಿಗ್ಗೆ ಉಮ್ಮ ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಮೊರ ಕೆಳಗಿಟ್ಟಳು. ಆಮೇಲೆ ಕುರ್ಚಿಯಲ್ಲಿದ್ದ ಉಪ್ಪನ ಕಿವಿಯ ಹತ್ತಿರಕ್ಕೆ ಬಗ್ಗಿ, ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು.

"ಪಾಪ, ಆ ಮಾತು ಭಟ್ರಿಗೆ ಹೇಳಿಬಿಡಬಹುದಿತ್ತು."